ಉಣ್ಣೆಯ ದ್ವೀಪದಲ್ಲಿ

ಸ್ಕಾಟ್ಲೆಂಡಿನ ಅಬರ್ಡೀನ್ ರೇವಿನಿಂದ ಸಂಜೆ ಹೊರಟ ಹಡಗು ಇರುಳೆಲ್ಲ ಉತ್ತರಾಭಿಮುಖವಾಗಿ ಸಾಗಿ, ಮರುದಿನ ಬೆಳಗ್ಗೆ ನಮ್ಮನ್ನು ಶೆಟ್ಲೆಂಡ್ ದ್ವೀಪಗಳ ಮುಖ್ಯಪಟ್ಟಣವಾದ ಲರ್ವಿಕ್ಕಿಗೆ ಮುಟ್ಟಿಸಿತು. ಉಡುಪುಗಳ ವಿನ್ಯಾಸವನ್ನು ವೃತ್ತಿಯಾಗಿ ಕೈಕೊಂಡಿರುವ ನಮ್ಮ ಮಗಳು, ಇಲ್ಲಿಯ ಹೆಣಿಗೆಯನ್ನು ಆಧರಿಸಿ ಸ್ತ್ರೀಯರಿಗೊಪ್ಪುವ ಹನ್ನೆರಡು ಬಗೆಯ ಉಣ್ಣೆಯುಡುಪುಗಳನ್ನು ರಚಿಸಬೇಕೆಂದು ಬಂದಿದ್ದಳು. ನಾವು ಕೇವಲ ಜೊತೆಗಾರರು.

ಇಲ್ಲಿ ಮರಗಳು ವಿರಳ, ಗಾಳಿಯು ಪ್ರಬಲ. ಎತ್ತ ನೋಡಿದರೂ ಗಿಡ್ಡ ಜಾತಿಯ ಕುರಿಗಳು. ಬಿಳಿ, ಬೂದು, ಕಪ್ಪು, ಕೆಂಗಂದು ಮೊದಲಾದವು ಅವುಗಳ ಹುಟ್ಟುಬಣ್ಣಗಳು. ಪೂರ್ವದಲ್ಲಿ ಉಣ್ಣೆಯನ್ನು ಕತ್ತರಿಸದೆ, ಅದು ತಾನಾಗಿ ಸಡಿಲವಾಗುವ ಋತುವಿನಲ್ಲಿ ಕೈಯಿಂದಲೇ ಬಿಡಿಸಿಕೊಳ್ಳುತ್ತಿದ್ದರಂತೆ.

ಉತ್ತರ ತುದಿಯ ಅನ್‌ಸ್ಟ್ ದ್ವೀಪದ ಶಾಲುಗಳು ಜಗತ್ಪ್ರಸಿದ್ಧವಾದುವು. ವಿಶಾಲವಾದ ಶಾಲು ಮದುವೆಯ ಉಂಗುರದೊಳಗೆ ನುಸುಳಿಹೋಗುವಷ್ಟು ನವಿರು. ಸಂಸ್ಕೃತದಲ್ಲಿ ಜೇಡನಿಗೆ ಊರ್ಣನಾಭವೆಂದು ಹೆಸರು. ಹೊಕ್ಕುಳಲ್ಲಿ ಉಣ್ಣೆಯುಳ್ಳುದು ಎಂದರ್ಥ. ಈ ಪದವನ್ನು ಹುಡುಗರಿಗೆ ಎಷ್ಟೋ ವರ್ಷ ಪಾಠ ಹೇಳಿದ್ದೆವು. ಅದರ ಔಚಿತ್ಯವು ಮನಸ್ಸಿಗೆ ಹೊಳೆದುದು ಆ ಶಾಲನ್ನು ಕಂಡಂದು.

ದಕ್ಷಿಣಕ್ಕೆ, ಸಮುದ್ರಮಧ್ಯದಲ್ಲಿ, ನೂರು ಜನರೂ ಇಲ್ಲದ ಫೇರ್ ಐಲ್ ಎಂಬ ದ್ವೀಪವಿದೆ. ಬಣ್ಣಬಣ್ಣದ ಪಟ್ಟೆಚಿತ್ತಾರದ ಹೆಣಿಗೆಗೆ ಅದೇ ತವರು. 1922ರಲ್ಲಿ ಅಂದಿನ ವೇಲ್ಸಿನ ರಾಜಕುಮಾರರು ಗಾಲ್ಫ್ ಆಟಕ್ಕೆ ಅಂಥ ಅಂಗಿಯನ್ನು ತೊಟ್ಟುದರಿಂದ ಅದರ ಕೀರ್ತಿಯು ಎಲ್ಲೆಡೆ ಹಬ್ಬಿತು.

ಕೀರ್ತಿಯ ಹಿಂದಿನ ಕಷ್ಟವನ್ನು ವಾಚಕರು ತಿಳಿಯಬೇಕು. ಇಲ್ಲಿಯ ಹೆಂಗಸರು ಉರುವಲಿನ ಬುಟ್ಟಿಯನ್ನು ಬೆನ್ನಿಗೇರಿಸಿ, ಒಂದು ಕಡ್ಡಿಯ ತುದಿಯನ್ನು ಸೊಂಟದ ಚರ್ಮಪಟ್ಟಿಯ ರಂಧ್ರದಲ್ಲಿ ನಾಟಿಕೊಂಡು, ನಡೆಯುತ್ತಲೇ ಹೆಣೆಯುತ್ತಿದ್ದರು. ವರ್ತಕರು ಅದಕ್ಕೆ ಹಣವನ್ನು ಕೊಡದೆ, ತಮ್ಮ ಅಂಗಡಿಯ ಚಹಾ, ಬಟ್ಟೆಗಳನ್ನೇ ಕೊಡುತ್ತಿದ್ದರೆಂಬುದು 1872ರ ಸರಕಾರೀ ವಿಚಾರಣೆಯಲ್ಲಿ ಹೊರಬಿದ್ದಿತು. ಈಚೆಗೆ, 2015ರಲ್ಲಿ, ಪ್ಯಾರಿಸಿನ ಶನೆಲ್ ಸಂಸ್ಥೆಯು ಫೇರ್ ಐಲಿನ ಹೆಣಿಗೆಗಾರ್ತಿಯೊಬ್ಬಳ ವಿನ್ಯಾಸಗಳನ್ನು ಅವಳ ಹೆಸರು ಹೇಳದೆ ಬಳಸಿ, ಬಳಿಕ ಕ್ಷಮೆ ಬೇಡಬೇಕಾಯಿತು.

ಮೂರನೆಯ ದಿನ ಮಗಳ ಪುಸ್ತಕವು ಚಿತ್ತಾರಗಳಿಂದ ತುಂಬಿತ್ತು. “ಮಗು, ಇವುಗಳಲ್ಲಿ ನಿನ್ನವು ಎಷ್ಟು?” ಎಂದು ಕೇಳಿದೆವು. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ಅಪ್ಪಾ, ಅಳತೆ ಮಾತ್ರ ನನ್ನದು” ಎಂದಳು.

ಮರುದಿನ ಹೆಣಿಗೆಯಲ್ಲಿ ನುರಿತ ವೃದ್ಧೆಯೊಬ್ಬರ ಮನೆಗೆ ಪುಸ್ತಕವನ್ನು ಕೊಂಡೊಯ್ದಳು. ಆಕೆ ಒಂದು ಸಾಲಿನ ಮೇಲೆ ಬೆರಳಿಟ್ಟು, “ಇಲ್ಲಿ ಮೂರು ಬಣ್ಣ ಹಾಕಿದ್ದೀಯೆ; ನಮ್ಮಲ್ಲಿ ಸಾಲಿಗೆ ಎರಡೇ” ಎಂದರು. ಬಳಸದ ಎಳೆಯು ಹಿಂಬದಿಯಲ್ಲಿ ಸಾಗುವುದರಿಂದ ಬಟ್ಟೆಯು ಇಮ್ಮಡಿಯಾಗಿ ಬೆಚ್ಚಗಿರುವುದು. ಮೂರನೆಯ ಎಳೆ ಸೇರಿದರೆ ಬಿರುಸಾಗುವುದು. ಇದು ಯಾವ ಪುಸ್ತಕದಿಂದಲೂ ಅವಳಿಗೆ ದೊರೆತಿರಲಿಲ್ಲ.

ಹನ್ನೆರಡು ಉಡುಪುಗಳು ಐದಾದುವು. ಅವನ್ನು ದ್ವೀಪದಲ್ಲಿಯೇ ಹೆಣೆಯಿಸುವುದು, ಕೂಲಿಯನ್ನು ಹೆಣೆದವರೇ ಗೊತ್ತುಮಾಡುವುದು, ಪ್ರತಿಯೊಂದರಲ್ಲಿಯೂ ಅವರ ಹೆಸರನ್ನು ಹೊಲಿಯುವುದು ಎಂದು ಮಾತಾಯಿತು. ಲಾಭವು ಕಡಿಮೆಯಾಗುವುದೆಂದು ಮಗಳು ಲೆಕ್ಕ ತೋರಿಸಿದಳು. ವಿದ್ಯೆ ಕೊಟ್ಟವರ ಋಣವನ್ನು ತೀರಿಸಿದ ಮೇಲೆ ಉಳಿದುದೇ ನಿನ್ನ ಲಾಭವೆಂದು ಹೇಳಿ, ನಾವು ಹಡಗನ್ನೇರಿದೆವು.