ಅಮ್ಮ ಟಿಕೆಟ್ ತಗೊಂಡ ದಿನ

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಮ್ಮ ಮೊಮ್ಮಗಳನ್ನು ನೋಡೋಕೆ ಅಂತ ಊರಿಂದ ಬಂದಿದ್ದಳು. ನಮ್ಮೂರು ತಿಪಟೂರಿನ ಹತ್ತಿರ. ಒಂದು ಭಾನುವಾರ ಜಯನಗರದಲ್ಲಿರುವ ಚಿಕ್ಕಮ್ಮನ ಮನೆಗೆ ಇಬ್ಬರೂ ಸಿಟಿ ಬಸ್ಸಲ್ಲಿ ಹೊರಟೆವು. ಕ್ಯಾಬ್ ಬುಕ್ ಮಾಡ್ತೀನಿ ಅಂದೆ. "ಬಸ್ಸು ಫ್ರೀ ಇರುವಾಗ ಕಾರ್ ಯಾಕೆ?" ಅಂದಳು.

ಬಸ್ ತುಂಬಿತ್ತು. ಕಂಡಕ್ಟರ್ ಬಂದಾಗ ಅಮ್ಮ ಪ್ಲಾಸ್ಟಿಕ್ ಕವರಿನೊಳಗಿಂದ ಆಧಾರ್ ತೆಗೆದು ತೋರಿಸಿದಳು. ಪಿಂಕ್ ಟಿಕೆಟ್ ಬಂತು. ನನ್ನದೂ ಪಿಂಕ್ ಟಿಕೆಟ್ಟೇ. ಪಕ್ಕದಲ್ಲಿ ನಿಂತಿದ್ದ ಐವತ್ತರ ಆಸುಪಾಸಿನ ಒಬ್ಬರು ಯಾರಿಗೂ ಅಲ್ಲ ಅನ್ನೋ ಹಾಗೆ ಅಂದರು: "ಬಿಟ್ಟಿ ಸಿಕ್ಕಿದ್ರೆ ಮನೇಲಿ ಯಾರು ಕೂರ್ತಾರೆ? ದುಡ್ಡು ಕೊಟ್ಟೋರು ನಿಂತ್ಕೊಬೇಕು, ಫ್ರೀ ಬಂದೋರು ಕೂತ್ಕೊಬೇಕು." ಇಬ್ಬರು ಮೂವರು ನಕ್ಕರು.

ಒಂದು ವಿಷಯ ಗಮನಿಸಿದೆ. ನಕ್ಕವರು ಜೀನ್ಸ್ ಹಾಕಿ, ಕಿವಿಗೆ ಇಯರ್‌ಬಡ್ ಸಿಕ್ಕಿಸಿಕೊಂಡಿದ್ದ ನನ್ನ ಕಡೆ ತಿರುಗಲೇ ಇಲ್ಲ. ಎಲ್ಲರ ಕಣ್ಣು ಹೋಗಿದ್ದು ಹತ್ತಿ ಸೀರೆ ಉಟ್ಟು, ಮಡಿಲಲ್ಲಿ ತೆಂಗಿನಕಾಯಿ ಚೀಲ ಇಟ್ಟುಕೊಂಡಿದ್ದ ಅಮ್ಮನ ಕಡೆಗೆ. ಅಮ್ಮ ಆಧಾರ್ ಕಾರ್ಡನ್ನು ಮೆಲ್ಲಗೆ ಕವರಿಗೆ ಹಾಕಿ, ಕವರನ್ನು ಬ್ಯಾಗಿನ ತಳಕ್ಕೆ ತಳ್ಳಿದಳು. ನಾನು ಫೋನ್ ನೋಡ್ತಾ ಕೂತೆ. ಏನೂ ಮಾತಾಡಲಿಲ್ಲ.

ಸಂಜೆ ವಾಪಸ್ ಬರುವಾಗ ಕಂಡಕ್ಟರ್ ಹತ್ತಿರ ಬರೋ ಮುಂಚೆಯೇ ಅಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ ಐವತ್ತರ ನೋಟು ಹಿಡಿದಿದ್ದಳು.

"ಆಧಾರ್ ತೋರ್ಸಮ್ಮ, ನಿಮಗೆ ಫ್ರೀ ಇದೆ."

"ಮನೇಲೇ ಬಿಟ್ ಬಂದಿದೀನಿ ಕಣಪ್ಪ. ಟಿಕೆಟ್ ಕೊಡು."

ಆಧಾರ್ ಬ್ಯಾಗಲ್ಲೇ ಇತ್ತು. ನನಗೂ ಗೊತ್ತು, ಅವಳಿಗೂ ಗೊತ್ತು. ಚಿಲ್ಲರೆ ಎಣಿಸಿ ಗಂಟು ಕಟ್ಟಿಕೊಂಡು ಕಿಟಕಿ ಕಡೆ ತಿರುಗಿದಳು. ನನ್ನಮ್ಮ ಸುಳ್ಳು ಹೇಳೋದನ್ನು ನಾನು ನೋಡಿದ್ದು ತುಂಬಾ ಕಡಿಮೆ. ಅವತ್ತು ದುಡ್ಡು ಕೊಡೋದಕ್ಕೋಸ್ಕರ ಸುಳ್ಳು ಹೇಳಿದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಸ್ಸಿನ ಆ ಮನುಷ್ಯನ ಮೇಲಿನ ಸಿಟ್ಟಿಗಲ್ಲ. ಅದೇ ಮಾತನ್ನು ನಾನೂ ಆಡಿದ್ದೆ ಅನ್ನೋದಕ್ಕೆ.

ಅದು 2023ರ ಜೂನ್ ತಿಂಗಳು. 11ನೇ ತಾರೀಕು ಶಕ್ತಿ ಯೋಜನೆ ಶುರುವಾಗಿ ಎರಡು ವಾರ ಆಗಿರಬೇಕು. ಬಸ್ಸುಗಳಿಗೆ ಹೆಂಗಸರು ಮುಗಿಬಿದ್ದ ವಿಡಿಯೋಗಳು ಎಲ್ಲರ ಫೋನಲ್ಲೂ ಓಡ್ತಿದ್ದವು. ಆಫೀಸಿನ ಊಟದ ಟೇಬಲ್ಲಲ್ಲಿ ಒಬ್ಬರು "ಜನರನ್ನ ಸೋಮಾರಿ ಮಾಡ್ತಿದ್ದಾರೆ" ಅಂದರು. ಇನ್ನೊಬ್ಬರು "ನಮ್ಮ ಟ್ಯಾಕ್ಸ್ ದುಡ್ಡು" ಅಂದರು. ನಗಿಸೋಕೆ ಅಂತ ನಾನು ಸೇರಿಸಿದೆ: "ಹೂಂ, ನಮ್ಮ ಟ್ಯಾಕ್ಸಲ್ಲಿ ಎಲ್ಲಾರಿಗೂ ಧರ್ಮಸ್ಥಳ ಟೂರು." ಟೇಬಲ್ ಪೂರ್ತಿ ನಕ್ಕಿತು.

ಅದೇ ವಾರ ಅಮ್ಮ ಧರ್ಮಸ್ಥಳಕ್ಕೆ ಹೋಗಿದ್ದಳು. ಬೀದಿಯ ನಾಲ್ಕು ಜನ ಹೆಂಗಸರ ಜೊತೆ, ಹಾಸನದಲ್ಲಿ ಬಸ್ ಬದಲಿಸಿ, ಅರ್ಧ ದಾರಿ ನಿಂತುಕೊಂಡು. ಮದುವೆಯಾದಾಗಿನಿಂದ "ಒಂದ್ಸಲ ಮಂಜುನಾಥನ್ನ ನೋಡ್ಬೇಕು" ಅಂತಿದ್ದಳು. ಪ್ರತಿ ವರ್ಷ ಏನೋ ಒಂದು ಅಡ್ಡ ಬರ್ತಿತ್ತು. ಹಸು ಈಯೋದು, ರಾಗಿ ಕಳೆ, ನನ್ನ ಫೀಸು. ಫೋನಲ್ಲಿ ಮಗು ಥರ ಹೇಳಿದ್ದಳು: "ನೇತ್ರಾವತೀಲಿ ಕಾಲಿಟ್ಟೆ ಕಣೆ!" ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ಜೋಕ್ ಹೊಡೆದಿದ್ದೆ. ಆ ವಿಡಿಯೋಗಳಲ್ಲಿದ್ದ "ಅವರು" ಬೇರೆ, ನಮ್ಮಮ್ಮ ಬೇರೆ ಅಂತ ಮನಸ್ಸು ಸಲೀಸಾಗಿ ಗೆರೆ ಎಳೆದುಬಿಟ್ಟಿತ್ತು.

ನೀವೂ ನಿಮ್ಮ ಫ್ಯಾಮಿಲಿ ಗ್ರೂಪ್, ಅಪಾರ್ಟ್‌ಮೆಂಟ್ ಗ್ರೂಪ್ ತೆಗೆದು ನೋಡಿ. "ಬಿಟ್ಟಿ ಭಾಗ್ಯ" ಅನ್ನೋ ಪದ ಎಷ್ಟು ಸಲ ಬಂದಿದೆ? "ಎರಡು ಸಾವಿರ ಬರುತ್ತಲ್ಲ, ಅದಕ್ಕೇ ಕೆಲಸದವರು ಸಿಗ್ತಿಲ್ಲ" ಅಂತ ನಮ್ಮ ಗ್ರೂಪಲ್ಲೂ ಒಬ್ಬರು ಬರೆದಿದ್ದರು. ಒಂದು ಲೆಕ್ಕ ಹಾಕೋಣ. ಗೃಹಲಕ್ಷ್ಮಿಯಲ್ಲಿ ಬರೋದು ತಿಂಗಳಿಗೆ 2,000 ರೂಪಾಯಿ, ಅಂದರೆ ದಿನಕ್ಕೆ ಅರವತ್ತಾರು ಚಿಲ್ಲರೆ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಆರು ದಿನದ ಕೂಲಿಗೂ ಸಮ ಇಲ್ಲದ ದುಡ್ಡನ್ನು ನಂಬಿಕೊಂಡು ಯಾವ ಹೆಂಗಸು ತಿಂಗಳು ಪೂರ್ತಿ ಕಾಲು ಚಾಚಿ ಕೂರ್ತಾಳೆ? ಹೆಚ್ಚೆಂದರೆ, ಕೈಗೆ ಸಿಕ್ಕಿದ ಕೂಲಿಗೆಲ್ಲಾ ತಲೆಯಾಡಿಸೋ ಬದಲು "ಅಷ್ಟಕ್ಕೆ ಆಗಲ್ಲಮ್ಮ" ಅನ್ನೋ ಧೈರ್ಯ ಬಂದಿರಬಹುದು. ನಮ್ಮ ತಕರಾರು ಅದೇ ಇರಬೇಕು ಅಂತ ನನಗೆ ಅನುಮಾನ.

ಈ "ಬಿಟ್ಟಿ" ಅನ್ನೋ ಪದ ಇದೆಯಲ್ಲ, ಅದು ಸಂಸ್ಕೃತದ "ವಿಷ್ಟಿ"ಯಿಂದ ಬಂದಿದ್ದು. ಅರ್ಥ, ಕೂಲಿ ಕೊಡದೆ ಮಾಡಿಸಿಕೊಳ್ಳೋ ಕೆಲಸ. "ಬಿಟ್ಟಿ ಚಾಕರಿ" ಅಂತ ಈಗಲೂ ಅಂತೀವಿ. ಅಂದರೆ ಬಿಟ್ಟಿ ಮೊದಲು ಅಂಟಿದ್ದು ಪುಕ್ಕಟೆ ತಗೊಳ್ಳೋರಿಗಲ್ಲ, ಪುಕ್ಕಟೆ ದುಡಿಯೋರಿಗೆ. ಇದು ಗೊತ್ತಾದಾಗ ನನಗೆ ಅಮ್ಮನ ದಿನ ಕಣ್ಮುಂದೆ ಬಂತು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೊಟ್ಟಿಗೆ ಬಾಚಿ, ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ ಬಂದು ಒಲೆ ಹಚ್ಚುತ್ತಿದ್ದಳು. ಆಮೇಲೆ ತೋಟ, ರಾಗಿ ಹೊಲ, ಮತ್ತೆ ಸಂಜೆ ಕರೆಯೋದು. ಆದರೆ ಡೈರಿ ಪಾಸ್‌ಬುಕ್ ಅಪ್ಪನ ಹೆಸರಲ್ಲಿ. ಪಹಣಿ ಅಪ್ಪನ ಹೆಸರಲ್ಲಿ. ಕೊಬ್ಬರಿ ಮಾರಿದ ದುಡ್ಡು ಅಪ್ಪನ ಜೇಬಲ್ಲಿ. ಅಪ್ಪ ಕೆಟ್ಟವರೇನಲ್ಲ, ಊರಲ್ಲಿ ಎಲ್ಲರ ಮನೆಯಲ್ಲೂ ಹಾಗೇ. ಬಿಟ್ಟಿ ಅಂತ ಯಾವುದಕ್ಕಾದರೂ ಕರೆಯೋದಾದರೆ ಅಮ್ಮನ ಮೂವತ್ತೈದು ವರ್ಷದ ಆ ದುಡಿಮೆಗೆ ಕರೀಬೇಕಿತ್ತು. ನಾವು ಅವಳ ಎರಡು ಸಾವಿರಕ್ಕೆ ಕರೆದೆವು.

ಈಗ ನಿಮ್ಮ ಮನಸ್ಸಲ್ಲಿ ಬಂದಿರೋ ಪ್ರಶ್ನೆ ನನಗೆ ಗೊತ್ತು. "ಮಗಳು ಸಾಫ್ಟ್‌ವೇರಲ್ಲಿದ್ದಾಳೆ, ತಾಯಿಗೆ ಸರ್ಕಾರದ ದುಡ್ಡು ಯಾಕೆ?" ಇದನ್ನೇ ನಾನೂ ಅಮ್ಮನಿಗೆ ಕೇಳಿದ್ದೆ. ನಿಯಮದ ಪ್ರಕಾರ ತಪ್ಪೇನಿಲ್ಲ. ಎಪಿಎಲ್ ಕಾರ್ಡ್ ಇದ್ದವರಿಗೂ ಗೃಹಲಕ್ಷ್ಮಿ ಬರುತ್ತೆ, ಯಜಮಾನಿಯಾಗಲಿ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟೋರಾಗಿರಬಾರದು ಅಷ್ಟೇ. ಆದರೂ "ನಾನೇ ತಿಂಗಳು ತಿಂಗಳು ಕಳಿಸ್ತೀನಲ್ಲಮ್ಮ, ಅರ್ಜಿ ಯಾಕೆ ಹಾಕ್ತೀಯ?" ಅಂದಿದ್ದೆ. ಅವಳು ಹೇಳಿದ್ದು ಇಷ್ಟೇ: "ನೀನು ಕಳಿಸೋದು ನೀನು ಕೊಟ್ಟಿದ್ದು ಮಗ. ಇದು ನನ್ ಹೆಸರಿಗೆ ಬರೋದು."

ಆಗ ಅದರ ಅರ್ಥ ಪೂರ್ತಿ ತಿಳಿದಿರಲಿಲ್ಲ. ಅರ್ಥವಾಗಿದ್ದು ಆ ವರ್ಷದ ಗೌರಿ ಹಬ್ಬಕ್ಕೆ. 2023ರ ಆಗಸ್ಟ್ 30ಕ್ಕೆ ಮೈಸೂರಲ್ಲಿ ಗೃಹಲಕ್ಷ್ಮಿ ಶುರುವಾಯ್ತು, ಮೂರು ವಾರಕ್ಕೆ ಗೌರಿ ಬಂತು. ತವರಿಂದ ಅರಿಶಿನ ಕುಂಕುಮಕ್ಕೆ ಅಂತ ಅಮ್ಮ ಪ್ರತಿ ಸಲ ಅಪ್ಪನ ಹತ್ತಿರ ಕೇಳಿ ದುಡ್ಡು ಕೊಡಿಸ್ತಿದ್ದಳು. ಅಪ್ಪ ಕೊಡ್ತಿದ್ದರು, ಆದರೆ ಕೊಬ್ಬರಿ ರೇಟು ಬಿದ್ದಿದೆ ಅಂತ ಒಂದು ಮಾತು ಸೇರಿಸಿಯೇ ಕೊಡ್ತಿದ್ದರು. ಆ ಸಲ ಅಮ್ಮ ಅಡುಗೆಮನೆಗೆ ಕರೆದು, ಎಲೆ ಅಡಿಕೆ ಜೊತೆ ಐನೂರರ ಹೊಸ ನೋಟು ಕೈಗಿಟ್ಟಳು. "ನಿಮ್ಮಪ್ಪನ್ನ ಕೇಳಿಲ್ಲ ಕಣೆ, ನಂದೇ" ಅಂದಳು. ಆ "ನಂದೇ" ಅನ್ನೋ ಮಾತನ್ನು ಅವಳ ಬಾಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿದ ನೆನಪಿಲ್ಲ. ಆ ನೋಟು ಇನ್ನೂ ನನ್ನ ಬೀರುವಿನಲ್ಲಿದೆ.

ಇನ್ನು ನನ್ನ ವಿಷಯ. ಪ್ರೈಮರಿ ಶಾಲೆಯಲ್ಲಿ ನಾನು ತಿಂದಿದ್ದು ಬಿಸಿಯೂಟ. 2007ರಲ್ಲಿ ಎಂಟನೇ ಕ್ಲಾಸಿಗೆ ಬಂದಾಗ ಸರ್ಕಾರ ಸೈಕಲ್ ಕೊಟ್ಟಿತು. ಐದು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಅದರಲ್ಲೇ ಹೋದೆ. ಅದಿಲ್ಲದಿದ್ದರೆ ಏಳಕ್ಕೇ ಬಿಡಿಸ್ತಿದ್ದರೋ ಏನೋ, ನನ್ನ ಓರಗೆಯ ಅಕ್ಕಂದಿರನ್ನು ಬಿಡಿಸಿದ ಹಾಗೆ. ಪಿಯುಸಿ ಓದಿದ್ದು ಬಿಸಿಎಂ ಹಾಸ್ಟೆಲಲ್ಲಿದ್ದುಕೊಂಡು. ಇಂಜಿನಿಯರಿಂಗ್ ಸಿಇಟಿಯ ಸರ್ಕಾರಿ ಕೋಟಾ ಸೀಟು. ಇಷ್ಟೆಲ್ಲಾ ತಗೊಂಡರೂ ನನ್ನನ್ನು ಯಾರೂ ಬಿಟ್ಟಿ ಅನ್ನಲಿಲ್ಲ. "ಕಷ್ಟಪಟ್ಟು ಓದಿ ಮೇಲೆ ಬಂದ ಹುಡುಗಿ" ಅಂದರು. ನಾನೂ ಅದನ್ನೇ ನಂಬಿದೆ.

ಈಗಲೂ ತಗೊಳ್ತಿದ್ದೀನಿ. ನಮ್ಮ ಫ್ಲ್ಯಾಟಿನ ಲೋನ್ ಬಡ್ಡಿಗೆ ಹಳೇ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಶೇಕಡಾ 30ರ ಸ್ಲ್ಯಾಬಿನಲ್ಲಿರೋ ನನಗೆ ಅದರಿಂದ 60 ಸಾವಿರಕ್ಕೂ ಹೆಚ್ಚು ಉಳಿಯುತ್ತೆ. ಅಮ್ಮನಿಗೆ ಗೃಹಲಕ್ಷ್ಮಿಯಿಂದ ವರ್ಷಕ್ಕೆ ಬರೋದು 24 ಸಾವಿರ. ಅವಳು ಆಧಾರ್, ರೇಷನ್ ಕಾರ್ಡ್ ಹಿಡಿದು ಸಾಲಲ್ಲಿ ನಿಂತಳು. ನಾನು ಆಫೀಸ್ ಪೋರ್ಟಲಲ್ಲಿ ಒಂದು ಪಿಡಿಎಫ್ ಹಾಕಿದೆ. ಅವಳು "ಫಲಾನುಭವಿ", ನಾನು "ಟ್ಯಾಕ್ಸ್ ಪೇಯರ್".

"ಅದು ನಾವು ದುಡಿದ ದುಡ್ಡು, ನಮಗೇ ಉಳೀತು" ಅನ್ನಬಹುದು. ಸರಿ. ಆದರೆ ಅಮ್ಮನೂ ತೆರಿಗೆ ಕಟ್ಟದೆ ಇಲ್ಲ. ಅವಳ ಮೊಬೈಲ್ ರೀಚಾರ್ಜಿನ ಮೇಲೆ ಹಾಕೋದೂ ಶೇಕಡಾ 18 ಜಿಎಸ್‌ಟಿ, ನನ್ನದರ ಮೇಲೆ ಹಾಕೋದೂ ಶೇಕಡಾ 18. ಯಾರೂ ಅವಳಿಗೆ ಫಾರಂ 16 ಕೊಟ್ಟಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಂತ ಈ ಯೋಜನೆಗಳನ್ನು ಪ್ರಶ್ನಿಸಲೇಬಾರದು ಅಂತ ನಾನು ಹೇಳ್ತಿಲ್ಲ. ಐದು ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹೋಗುತ್ತೆ. ಸುಮಾರು 1.2 ಕೋಟಿ ಮನೆಗಳಿಗೆ ಗೃಹಲಕ್ಷ್ಮಿ ತಲುಪುತ್ತೆ. ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಎಷ್ಟು ಉಳೀತು ಅಂತ ಕೇಳೋದು ನಮ್ಮ ಹಕ್ಕು. ನನ್ನಂಥವಳಿಗೂ ಪಿಂಕ್ ಟಿಕೆಟ್ ಬೇಕಾ ಅಂತ ಕೇಳಿದರೂ ನ್ಯಾಯವೇ. ಆ ಪ್ರಶ್ನೆಗಳನ್ನ ಸರ್ಕಾರಕ್ಕೆ, ಶಾಸಕರಿಗೆ ಕೇಳೋಣ. ಬಸ್ಸಲ್ಲಿ ಕೂತ ಹೆಂಗಸಿಗೆ ಕೇಳೋದು ಯಾಕೆ? ಯೋಜನೆ ಬೇಡ ಅನ್ನೋದು ಬೇರೆ, ತಗೊಂಡವರನ್ನು ಹಂಗಿಸೋದು ಬೇರೆ.

ಮತ್ತೆ ಈ ಹಂಗಿಸೋ ರೋಗ ನಮಗೆ ಮಾತ್ರ ಅಂಟಿದ್ದೂ ಅಲ್ಲ. ಅಮ್ಮನೇ ಒಂದು ದಿನ ಪಕ್ಕದ ಬೀದಿಯವಳ ಬಗ್ಗೆ "ಅವಳಿಗೇನು ಬಿಡು, ರೇಷನ್ ಅಕ್ಕಿ ಮಾರ್ಕೊಂಡು ತಿಂತಾಳೆ" ಅಂದಳು. ಹಂಗಿಸಿಕೊಂಡವರು ತಮಗಿಂತ ಕೆಳಗೆ ಒಬ್ಬರನ್ನು ಹುಡುಕಿಕೊಳ್ತಾರೆ. ನಾನು ಊಟದ ಟೇಬಲ್ಲಲ್ಲಿ ಮಾಡಿದ್ದೂ ಅದನ್ನೇ. ಸೈಕಲ್ಲು, ಹಾಸ್ಟೆಲ್ಲು ಮರೆಸೋಕೆ ಧರ್ಮಸ್ಥಳದ ಜೋಕು.

2025ರ ಫೆಬ್ರವರಿಯಲ್ಲಿ, ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂತ ಕೇಂದ್ರ ಬಜೆಟ್ಟಲ್ಲಿ ಬಂತಲ್ಲ, ಮುಂದಿನ ಸೋಮವಾರ ಆಫೀಸಲ್ಲಿ ಮೈಸೂರುಪಾಕು ಹಂಚಿದರು. ತಿನ್ನುತ್ತಾ ಒಬ್ಬರು ಮತ್ತೆ ಬಿಟ್ಟಿ ಭಾಗ್ಯದ ಮಾತು ತೆಗೆದರು. ಈ ಸಲ ನಾನು ಹೇಳಿದೆ: "ಆ ಧರ್ಮಸ್ಥಳದ ಬಸ್ಸಲ್ಲಿ ನಮ್ಮಮ್ಮ ಇದ್ದಳು." ದನಿ ಸ್ವಲ್ಪ ನಡುಗಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಟೀಮಿನ ಒಬ್ಬ ಹುಡುಗ, ಯಾವಾಗಲೂ ಜೋರಾಗಿ ನಗ್ತಿದ್ದವನು, "ನಮ್ಮಜ್ಜಿಗೂ ಪಿಂಚಣಿ ಬರುತ್ತೆ, ಅದರಲ್ಲೇ ಬಿಪಿ ಮಾತ್ರೆ ತಗೊಳ್ಳೋದು" ಅಂದ. ಮಾತು ಬೇರೆ ಕಡೆ ಹೋಯ್ತು. ದೊಡ್ಡ ಬದಲಾವಣೆ ಏನೂ ಆಗಲಿಲ್ಲ. ಆದರೆ ನನ್ನೆದುರಿಗೆ ಆ ಪದ ಆಮೇಲೆ ಬಂದಿಲ್ಲ.

ಈ ಸಲ ಯುಗಾದಿಗೆ ಬಂದಿದ್ದ ಅಮ್ಮನನ್ನು ಊರಿನ ಬಸ್ ಹತ್ತಿಸೋಕೆ ಮೆಜೆಸ್ಟಿಕ್‌ಗೆ ಹೋಗಿದ್ದೆ. ಸಿಟಿ ಬಸ್ಸಲ್ಲಿ ಮತ್ತೆ ಅವಳ ಕೈ ಸೆರಗಿನ ಗಂಟಿಗೆ ಹೋಯ್ತು. ನಾನೇ ಬ್ಯಾಗಿಗೆ ಕೈ ಹಾಕಿ ಆ ಪ್ಲಾಸ್ಟಿಕ್ ಕವರ್ ತೆಗೆದು ಅವಳ ಕೈಗಿಟ್ಟೆ. "ತೋರ್ಸಮ್ಮ, ನಿಂದೇ" ಅಂದೆ.

ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಕಂಡಕ್ಟರಿಗೆ ಕಾರ್ಡ್ ತೋರಿಸಿ, ಕೇಳೋರಿಗೆ ಕೇಳಲಿ ಅನ್ನೋ ಹಾಗೆ ಗಟ್ಟಿಯಾಗಿ ಅಂದಳು: "ಒಂದು ಮೆಜೆಸ್ಟಿಕ್ ಕೊಡಪ್ಪ."