ನಮ್ಮ ಕೆಲಸಕ್ಕ ನಮ್ಮ ಹೆಸರು

ಬಾಜೂ ಮನಿ ವೈನಿ, ನಮ್ಮ ನಾದಿನಿ ಇಬ್ಬರೂ ಕೇಳ್ಯಾರ, “ಕಸೂತಿದು ವೆಬ್‌ಸೈಟು ಮಾಡೀರಂತ, ಹ್ಯಾಂಗ್ರಿ ಅದು?” ಅಂತ. ಒಬ್ಬೊಬ್ಬರಿಗೆ ಹೇಳೂದಕ್ಕಿಂತ ಇಲ್ಲೇ ಬರದು ಬಿಡ್ತೀನಿ.

ಯಾಕ ಮಾಡಿದೆ ಅಂದ್ರ, ನಾ ಹಾಕಿಕೊಟ್ಟ ಒಂದು ಸೆರಗಿನ ಫೋಟೋ ಅಂಗಡಿಯವರೊಬ್ಬರು ತಮ್ಮ ಕೆಲಸಾ ಅಂತ ತೋರಿಸ್ಲಿಕ್ಕೆ ಹತ್ತಿದ್ರು. ಜಗಳಾಡ್ಲಿಕ್ಕೆ ನನ್ನ ಕಡೆ ಏನು ಪುರಾವೆ ಇತ್ತು? ಸೀರಿ ಮ್ಯಾಲ ಹೊಲದಾಕಿ ಹೆಸರು ಇರಂಗಿಲ್ಲಲ್ಲ. ಆವಾಗ ಮಗಳು, “ಅಮ್ಮಾ, ನಿನ್ನ ಕೆಲಸಕ್ಕ ನಿಂದೇ ಒಂದು ಜಾಗಾ ಇರಲಿ” ಅಂದ್ಲು.

ಇದಕ್ಕ ಮೂರು ಬೇಕು. ಮೊದಲನೇದು ಹೆಸರು, ಡೊಮೇನ್ ಅಂತಾರ. ಅದು ಖರೇದಿ ಅಲ್ಲ, ಬಾಡಗಿ ಇದ್ದಂಗ. ಮುದ್ದತ್ತು ಮುಗಿಯೂದ್ರಾಗ ಮತ್ತ ರೊಕ್ಕಾ ಕಟ್ಟಬೇಕು. ಎರಡನೇದು ಫೋಟೋ, ಬರಹ ಇಡ್ಲಿಕ್ಕೆ ಜಾಗಾ, ಅದು ಹೋಸ್ಟಿಂಗ್. ಗಿಟ್‌ಹಬ್ ಪೇಜಸ್‌ನ್ಯಾಗ ಸಾದಾ ಪುಟಾ ಪುಕ್ಕಟೆ ಇಡ್ಲಿಕ್ಕೆ ಬರ್ತದ, ನಂದು ಅಲ್ಲೇ ಅದ. ಮೂರನೇದು ಪುಟಗಳು. ಅವನ್ನ ಮಗಳು ಮಾಡಿದ್ಲು.

ಆಕಿ ತನ್ನ ಇ-ಮೇಲ್ ಹಾಕೇ ಡೊಮೇನ್ ತಗೋಳಿಕ್ಕೆ ಹೊಂಟಿದ್ಲು. ನಾ ಬ್ಯಾಡ ಅಂದೆ. ಖಾತೆ ಯಾರ ಕೈಯಾಗ ಇರ್ತದೋ ಹೆಸರೂ ಅವರ ಕೈಯಾಗೇ. ಮಗಳು ನಂಬಿಗಸ್ತಳು ಖರೆ, ಆದ್ರ ಹೊಲದಾಕಿ ನಾನು. ನಂದೇ ಇ-ಮೇಲ್ ಮಾಡಿಸಿ, ಪಾಸ್‌ವರ್ಡ್ ನಾನೇ ಇಟ್ಕೊಂಡೀನಿ.

ಫೋಟೋ ಮುಂಜಾನೆ ಕಿಟಕಿ ಬೆಳಕಿನ್ಯಾಗ ತಗೀರಿ, ಫ್ಲ್ಯಾಶ್ ಬ್ಯಾಡ. ಗವಂತಿ, ಮುರಗಿ ಎರಡರೊಳಗೂ ಗಂಟು ಇಲ್ಲ, ಎರಡೂ ಬದಿ ಒಂದೇ ಥರಾ ಕಾಣ್ತದ. ಅದಕ್ಕ ಅಂಥಾ ಬಟ್ಟಿಗೆ ಎರಡು ಫೋಟೋ ಹಾಕೀನಿ, ಮುಂದಿಂದೊಂದು, ಹಿಂದಿಂದೊಂದು. ಕೈ ಕೆಲಸದ ಸಾಕ್ಷಿ ಹಿಂದಿನ ಬದಿಗೇ ಇರ್ತದ ನೋಡ್ರಿ. ಫೋನಿನ ಫೋಟೋ ಭಾಳ ಭಾರ ಇರ್ತಾವ, ಸಣ್ಣ ಮಾಡಿ ಹಾಕ್ರಿ, ಇಲ್ಲಂದ್ರ ಪುಟಾ ತೆರೀಲಿಕ್ಕೆ ಹೊತ್ತು ಹಿಡೀತದ. ಕೆಳಗ ತೇರೋ, ಗೋಪುರೋ, ತುಳಸಿಕಟ್ಟಿಯೋ, ಯಾವ ಹೊಲಿಗಿ, ಎಷ್ಟು ದಿನಾ ಹಿಡೀತು ಅಂತ ಅಕ್ಷರದಾಗೇ ಬರೀರಿ; ಫೋಟೋದೊಳಗ ಬರದ್ರ ಹುಡುಕಿದವರಿಗೆ ಸಿಗಂಗಿಲ್ಲ. ಮನಿ ವಿಳಾಸ ಮಾತ್ರ ಹಾಕಬ್ಯಾಡ್ರಿ.

ಒಂದು ಪುಟಾ ನಮ್ಮ ಅವ್ವಂದು. ಆಕಿ ಹಾಕಿದ ಚಂದ್ರಕಾಳಿ ಸೀರಿ ಎಲ್ಲಾ ಮದುಮಕ್ಕಳ ಜೋಡಿ ಊರೂರಿಗೆ ಹೋದವು. ನನ್ನ ಕಡೆ ಒಂದು ಸೆರಗಿನ ತುಂಡು ಉಳದದ, ಅಷ್ಟೇ. ಅದರ ಕೆಳಗ ಅವ್ವನ ಪೂರ್ತಿ ಹೆಸರು ಬರದೀನಿ. ರೇಷನ್ ಕಾರ್ಡು ಬಿಟ್ರ ಆ ಹೆಸರು ಛಾಪಾ ಆಗಿದ್ದು ನಾ ಎಲ್ಲೂ ನೋಡಿದ್ದಿಲ್ಲ.

ಮಾಡೂದು ಎರಡು ದಿನದ ಕೆಲಸ, ನಡಸೂದೇ ಖರೆ ಕೆಲಸ. ಅಮಾವಾಸಿಗೊಮ್ಮೆ ಹೊಸಾದು ಹಾಕ್ತೀನಿ, ಎಲ್ಲಾ ಪುಟಾ ಫೋನಿನ್ಯಾಗ ತೆರದು ನೋಡ್ತೀನಿ, ಒಂದು ಪ್ರತಿ ಪೆನ್‌ಡ್ರೈವ್‌ನ್ಯಾಗ ಇಡ್ತೀನಿ. ಡೊಮೇನ್ ರೊಕ್ಕಾ ಕಟ್ಟೂ ತಾರೀಖು ಗೋಡಿ ಕ್ಯಾಲೆಂಡರಿನ್ಯಾಗ, ಸಿಲಿಂಡರ್ ಬಂದ ತಾರೀಖಿನ ಬಾಜೂಕ್ಕ ಬರದೀನಿ. ಕಟ್ಟದ ಬಿಟ್ರ ಸ್ವಲ್ಪ ದಿನದ ಮ್ಯಾಲ ಆ ಹೆಸರು ಬ್ಯಾರೆಯವರು ತಗೋಬಹುದು.

ವೈನಿ, ವೆಬ್‌ಸೈಟು ಆಮ್ಯಾಲ ಮಾಡಿಸೋಣು. ಮೊದಲ ಟ್ರಂಕಿನ್ಯಾಗಿನ ಹಳೇ ಖಣಾ, ಕುಂಚಗಿ ತಗದು ಫೋಟೋ ಹೊಡಕೋರಿ. ಯಾರು ಹಾಕಿದ್ದು ಅಂತ ನಿಮ್ಮ ಅತ್ತೆಯವರನ್ನ ಕೇಳಿ ಬರಕೋರಿ. ಅವರಿಗೆ ನೆನಪಿದ್ದಾಗೇ ಕೇಳ್ರಿ.