ನಾಟಕಕ್ಕೆ ಹೊರಡುವ ಮುಂಚೆ

ನಮ್ಮ ಸಕಲೇಶಪುರ, ಆಲೂರು ಕಡೆ ಬೇಸಿಗೆಯಲ್ಲಿ ಊರಿನವರೇ ಬಣ್ಣ ಹಚ್ಚಿ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ಶುರುವಾಗುವುದು ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ. ಭೀಮ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಕೋಳಿ ಕೂಗಿರುತ್ತದೆ. ಹೊಟ್ಟೆ ಬಿರಿಯ ಉಂಡು ಹೋದರೆ ಕೃಷ್ಣಸಂಧಾನಕ್ಕೆ ಮೊದಲೇ ತೂಕಡಿಕೆ. ಬರಿಹೊಟ್ಟೆಯಲ್ಲಿ ಹೋದರೆ ಕಣ್ಣೆಲ್ಲ ಕಡಲೆಕಾಯಿ ಗಾಡಿಯ ಮೇಲೆ. ಇದಕ್ಕೆ ನಮ್ಮಮ್ಮ ಕಂಡುಕೊಂಡ ಉಪಾಯ ಸರಳ: ನಾಲ್ಕು ಬಗೆ, ಆದರೆ ಎಲ್ಲವೂ ಸ್ವಲ್ಪ ಸ್ವಲ್ಪ. ಅಂಗೈಯಗಲದ ಅಕ್ಕಿರೊಟ್ಟಿ, ಹುರಿದ ಬೂತಾಯಿ ಎರಡು, ಒಣಸಿಗಡಿ ಚಟ್ನಿ, ಸಣ್ಣ ಬಟ್ಟಲಲ್ಲಿ ಹಳ್ಳದ ಏಡಿ ಸಾರು. ಒಲೆಯ ಸುತ್ತ ಕೂತು, ಒಬ್ಬರ ತಟ್ಟೆಯಿಂದ ಇನ್ನೊಬ್ಬರು ಕಿತ್ತುಕೊಂಡು ತಿನ್ನುವುದು. ಅಪ್ಪನೂ ಗದರದೆ ಕಥೆ ಹೇಳುತ್ತಿದ್ದುದು ಆ ಅರ್ಧ ಗಂಟೆಯಲ್ಲೇ.

ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಮೊನ್ನೆ ಫೋನಿನಲ್ಲಿ, ಗೆಳತಿಯರೊಂದಿಗೆ ಸಿನಿಮಾಕ್ಕೆ ಹೋಗುವ ಮುಂಚೆ ಲ್ಯಾಟಿನ್ ಅಮೆರಿಕದ ಅಡುಗೆಯ ಹೋಟೆಲಿಗೆ ಹೋಗಿದ್ದನ್ನು ಹೇಳಿದಳು. ಅಲ್ಲಿಯೂ ಪುಟ್ಟ ಪುಟ್ಟ ತಟ್ಟೆಗಳಂತೆ. ಮೀನು, ಸಿಗಡಿ ಎಲ್ಲವನ್ನೂ ಹಂಚಿಕೊಂಡು ತಿಂದರಂತೆ. ಅದರಲ್ಲೊಂದು ಪೆರು ದೇಶದ 'ಸೆವಿಚೆ': ಹಸಿ ಮೀನಿನ ತುಂಡಿಗೆ ನಿಂಬೆರಸ, ಈರುಳ್ಳಿ, ಮೆಣಸಿನಕಾಯಿ. ಹುಳಿಗೆ ಮಾಂಸ ಬೆಳ್ಳಗಾಗಿ, ಬೆಂದಂತೆ ಗಟ್ಟಿಯಾಗುತ್ತದೆ. ಆದರೆ ಬೆಂಕಿಯಂತೆ ಹುಳಿ ರೋಗಾಣುಗಳನ್ನು ಕೊಲ್ಲುವುದಿಲ್ಲ. ಹಾಗಾಗಿ ಮೀನು ತೀರ ತಾಜಾ ಇರಬೇಕು. ಇದನ್ನು ಮಾಡಿ ಉಣ್ಣುವ ಪೆರುವಿನ ಪದ್ಧತಿಯನ್ನು ಯುನೆಸ್ಕೋ 2023ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

"ಒಲೆ ಹಚ್ಚಕ್ಕೂ ಸೋಮಾರಿತನವಾ ಆ ಜನಕ್ಕೆ?" ಎಂದರು ಅಮ್ಮ. ಮಗಳು ಬಿಡಲಿಲ್ಲ. "ಅಜ್ಜಿ, ನಿನ್ನ ಏಡಿ ಸಾರಿಗೆ ಹಾಕುವ ಮೆಣಸಿನಕಾಯಿ ಅವರ ಕಡೆಯದೇ" ಎಂದಳು. ನಿಜ. ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಪೋರ್ಚುಗೀಸರು 16ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ತಂದರು. ಅವರ ಮೀನಿಗೆ ಹಿಂಡುವ ನಿಂಬೆಯ ಮೂಲವಾದರೋ ನಮ್ಮ ಏಷ್ಯಾ. ಸ್ಪೇನಿನವರು ಅದನ್ನು ಅತ್ತ ಒಯ್ದರು. ಕೊಟ್ಟು ತಂದ ಸಂಬಂಧ ಎನ್ನಿ!

ಮಕ್ಕಳು ಹೋಟೆಲಿನಲ್ಲಿ ತಿಂದರೆಂದು ಸಿಡುಕುವ ತಂದೆತಾಯಿಗಳಿಗೆ ನನ್ನದೊಂದು ಮಾತು. ಏನು ತಿಂದೆ, ಹೇಗಿತ್ತು ಎಂದು ಕೇಳಿ ನೋಡಿ. ಹಂಚಿ ತಿನ್ನುವ ಬುದ್ಧಿ ಅವರಲ್ಲಿ ಉಳಿದಿದೆಯಲ್ಲ, ಅದು ಸಣ್ಣದಲ್ಲ. ನನಗೆ ಚಿಂತೆಯಿರುವುದು ನಮ್ಮ ತಟ್ಟೆಯ ಬಗ್ಗೆ.

ಬೂತಾಯಿ ಮಂಗಳೂರು ಕಡೆಯಿಂದ ಐಸಿನಲ್ಲಿ ಕೂತು ಶಿರಾಡಿ ಘಾಟಿ ಹತ್ತಿ ಬರುತ್ತದೆ. ಮೀನಿನ ಸಂತಾನ ಬೆಳೆಯಲೆಂದು ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಆ 61 ದಿನ ಒಣಮೀನಿನ ಡಬ್ಬವೇ ಗತಿ. ಕಡಲಿಗೆ ಹೀಗೊಂದು ಕಾನೂನಿನ ಕಾವಲಾದರೂ ಇದೆ. ಹಳ್ಳದ ಏಡಿಗೆ ಯಾರಿದ್ದಾರೆ? ನಮ್ಮ ಊರಿನ ಕಣಿವೆಯಲ್ಲಿ ಆನೆ ಕಾಟಕ್ಕೆ ಬೇಸತ್ತು ಎಷ್ಟೋ ಮಂದಿ ಭತ್ತ ಬಿಟ್ಟರು. ಗದ್ದೆಗೆ ಶುಂಠಿ ಬಂತು, ಅದರ ಹಿಂದೆಯೇ ಔಷಧಿಯೂ ಬಂತು. ಗದ್ದೆಯ ಬದುವಿನಲ್ಲಿ, ಹಳ್ಳದ ಕಲ್ಲಡಿಯಲ್ಲಿ ಏಡಿ ಅಪರೂಪವಾಯಿತು. ಬ್ಯಾಟರಿ ಹಿಡಿದು ಗುಂಪಾಗಿ ನಾಟಕಕ್ಕೆ ನಡೆಯುವುದೂ ನಿಂತಿದೆ. ಆನೆ ಎಲ್ಲಿದೆಯೆಂದು ವಿಚಾರಿಸಿಕೊಂಡು ಜೀಪು ಹತ್ತಬೇಕು.

ಮೇ ತಿಂಗಳ ರಜಕ್ಕೆ ಮಗಳು ಬರುತ್ತಾಳೆ. ಏಡಿ ಹಿಡಿಯುವುದನ್ನೂ ಸಾರು ಮಾಡುವುದನ್ನೂ ಅಜ್ಜಿಯಿಂದ ಕಲಿಯುವ ಹಟ ಅವಳಿಗೆ. ಅಮ್ಮ ಈಗಲೇ ಷರತ್ತು ಹಾಕಿದ್ದಾರೆ: ಒಬ್ಬರಿಗೆ ಒಂದರಂತೆ ಸಿಕ್ಕರೆ ಸಾಕು, ಎತ್ತಿದ ಕಲ್ಲನ್ನು ಇದ್ದ ಹಾಗೆಯೇ ಇಡಬೇಕು, ಹೊಟ್ಟೆಯಡಿ ಮರಿಯಿರುವ ಏಡಿಯನ್ನು ಮಾತ್ರ ಮುಟ್ಟಕೂಡದು.